ನಂದಿಯವರೆಗೆ ಏಳುನೂರು ಮೆಟ್ಟಿಲು

ಮೈಸೂರಿನ ಜನಕ್ಕೆ ಚಾಮುಂಡಿಬೆಟ್ಟವೆಂದರೆ ಮನೆಯ ಹಿರಿಯರಿದ್ದಂತೆ. ಯಾವ ಬಡಾವಣೆಯ ಮಹಡಿಯ ಮೇಲೆ ನಿಂತರೂ ಕಾಣುತ್ತದೆ. ಕಂಡೊಡನೆ ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ. ಆದರೆ ಹತ್ತಿರ ಹೋಗಿ ಬರುವುದು ಮಾತ್ರ ಹಬ್ಬಹರಿದಿನಗಳಲ್ಲಿ. ಹೋದರೂ ಬಸ್ಸಿನಲ್ಲೋ ಕಾರಿನಲ್ಲೋ ತಿರುವಿನ ರಸ್ತೆಯಲ್ಲಿ ಸಲೀಸಾಗಿ ಮೇಲೆ ಮುಟ್ಟಿ, ಸರದಿಯಲ್ಲಿ ನಿಂತು ದೇವಿಯ ದರ್ಶನ ಮುಗಿಸಿ, ಮಹಿಷಾಸುರನ ಮುಂದೆ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆದುಕೊಂಡು ಇಳಿದುಬಿಡುತ್ತೇವೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಬದುಕುವ ನನಗೆ ವಯಸ್ಸು ೩೬. ಮೆಟ್ಟಿಲಿನ ದಾರಿಯಲ್ಲಿ ಬೆಟ್ಟ ಹತ್ತಿ ೧೫ ವರ್ಷಗಳೇ ಆಗಿದ್ದವು. ಕಳೆದ ಮಾಗಿಯ ಒಂದು ಭಾನುವಾರ ಮತ್ತೆ ಹತ್ತುವ ಪ್ರಸಂಗ ಬಂತು. ಹತ್ತಿಸಿದವರು ೬೭ ವರ್ಷದ ನಮ್ಮ ತಂದೆ. ಅದೂ ಹೃದಯಾಘಾತವಾಗಿ ಒಂದೂವರೆ ವರ್ಷ ಕಳೆದ ಮೇಲೆ.

ನಮ್ಮ ತಂದೆಯವರು ಸಾರಿಗೆ ಬಸ್ಸಿನಲ್ಲಿ ೩೧ ವರ್ಷ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಕಾಯಿಲೆ ಎಂದು ಮಲಗಿದ್ದನ್ನು ನಾನು ಕಂಡವನಲ್ಲ. ಅಂಥವರು ಒಂದು ರಾತ್ರಿ ಊಟ ಮಾಡುತ್ತಿದ್ದಂತೆಯೇ ಎದೆ ಹಿಡಿದುಕೊಂಡು ಕುಸಿದರು. ಸಕಾಲಕ್ಕೆ ಆಸ್ಪತ್ರೆಗೆ ಸೇರಿಸಿದ್ದಾಯಿತು. ಮುಚ್ಚಿಹೋಗಿದ್ದ ರಕ್ತನಾಳವನ್ನು ತೆರೆದು ಸ್ಟೆಂಟ್ ಕೂರಿಸಿದರು. ದೇವರ ದಯೆ, ಮನೆಗೆ ಬಂದರು. ಬಂದ ದಿನದಿಂದ ನಮ್ಮ ಮನೆಯಲ್ಲಿ ಹೊಸದೊಂದು ಆಡಳಿತ ಜಾರಿಗೆ ಬಂತು. ಅಪ್ಪ ನೀರಿನ ಬಿಂದಿಗೆ ಮುಟ್ಟುವಂತಿಲ್ಲ. ಅಪ್ಪ ಹಾಲಿಗೆ ಹೋಗುವಂತಿಲ್ಲ. ಅಪ್ಪ ಮಹಡಿ ಹತ್ತುವಂತಿಲ್ಲ. ಪಡಸಾಲೆಯ ಬೆತ್ತದ ಕುರ್ಚಿ ಅವರ ರಾಜ್ಯ. ಪತ್ರಿಕೆ, ಕಾಫಿ, ಮಾತ್ರೆ ಎಲ್ಲವೂ ಅಲ್ಲಿಗೇ ಬರತಕ್ಕದ್ದು. ತಾಯಿಯವರು ಈ ಕಾನೂನನ್ನು ಮಾಡಿದರು; ನಾನೂ ನನ್ನ ಹೆಂಡತಿಯೂ ಅದನ್ನು ಪ್ರೀತಿಯಿಂದಲೇ ಪಾಲಿಸಿದೆವು.

ವರ್ಷ ತುಂಬುವ ಹೊತ್ತಿಗೆ ಅಪ್ಪನ ಮೀನಖಂಡಗಳು ಬತ್ತಿಹೋಗಿದ್ದವು. ಗೇಟಿನವರೆಗೆ ನಡೆದರೆ ಏದುಸಿರು. "ನೋಡಿದಿಯಾ, ಇನ್ನೂ ಎಷ್ಟು ಸುಸ್ತಿದೆ!" ಎಂದು ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಸುಸ್ತು ಕಾಯಿಲೆಯದಲ್ಲ, ಕುರ್ಚಿಯದು ಎಂಬ ಅನುಮಾನ ಆಗ ನಮಗೆ ಯಾರಿಗೂ ಬರಲಿಲ್ಲ. ತಪಾಸಣೆಗೆ ಹೋದಾಗಲೆಲ್ಲ ವೈದ್ಯರು "ನಡೆಯಿರಿ, ದಿನವೂ ನಡೆಯಿರಿ" ಎನ್ನುತ್ತಿದ್ದರು. "ಡಾಕ್ಟರಿಗೇನು, ಹೇಳಿಬಿಡ್ತಾರೆ. ಆಮೇಲೆ ನೋಡಿಕೊಳ್ಳೋರು ನಾವು ತಾನೆ?" ಎಂದು ಅಮ್ಮ ಆ ಮಾತನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬರುತ್ತಿದ್ದರು.

ಹೀಗಿರುವಾಗ ಒಂದು ದಿನ ಊಟಕ್ಕೆ ಕುಳಿತಿದ್ದ ಅಪ್ಪ, "ಮೆಟ್ಟಿಲ ಮೇಲೆ ಬೆಟ್ಟಕ್ಕೆ ಹೋಗಿ ಬರೋಣ ಕಣೋ" ಎಂದರು. ಅಮ್ಮ ಸಾರಿನ ಸೌಟನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. "ನಿಮ್ಮಪ್ಪನಿಗಂತೂ ಬುದ್ಧಿಯಿಲ್ಲ, ನಿನಗಾದರೂ ಬೇಡವೇನೋ?" ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಶಾಂತವಾಗಿ ಹೇಳಿದರು: "ಮೂವತ್ತೊಂದು ವರ್ಷ ನಿಂತುಕೊಂಡೇ ಅನ್ನ ದುಡಿದೆ. ಈಗ ಕೂತುಕೊಂಡು ಸಾಯೋದು ಹೇಗೆ, ನೀನೇ ಹೇಳು."

ನಿಜ ಹೇಳಬೇಕೆಂದರೆ, ವೈದ್ಯರು ಬೇಡವೆನ್ನಲಿ ಎಂಬ ಆಸೆಯಿಂದಲೇ ನಾನು ಅಪ್ಪನನ್ನು ಅವರ ಬಳಿಗೆ ಕರೆದುಕೊಂಡು ಹೋದೆ. ಅವರು ಅಪ್ಪನನ್ನು ಚಲಿಸುವ ಪಟ್ಟಿಯ ಮೇಲೆ ನಡೆಸಿ, ಎದೆಗೆ ತಂತಿಗಳನ್ನು ಅಂಟಿಸಿ, ಹೃದಯದ ನಡೆಯನ್ನು ಬಹಳ ಹೊತ್ತು ಪರೀಕ್ಷಿಸಿ, "ಧಾರಾಳವಾಗಿ ಹೋಗಿಬನ್ನಿ" ಎಂದುಬಿಟ್ಟರು. ಜೊತೆಗೆ ಮೂರು ಕಟ್ಟಳೆ ಹಾಕಿದರು. ಬಿಸಿಲೇರುವ ಮುನ್ನ, ಹೊಟ್ಟೆ ಹಗುರವಾಗಿರುವಾಗ ಹತ್ತಬೇಕು. ಮಾತನಾಡಿಕೊಂಡು ಹತ್ತುವಷ್ಟು ನಿಧಾನ ಇರಬೇಕು. ಎದೆ ಬಿಗಿದರೆ, ತೋಳಿಗೋ ದವಡೆಗೋ ನೋವು ಹರಿದರೆ, ತಲೆ ತಿರುಗಿದರೆ ಅಲ್ಲೇ ಕುಳಿತು ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು ಸಹಾಯಕ್ಕೆ ಕರೆಯಬೇಕು. ಮುಂದೆ ಹತ್ತುವ ಮಾತೇ ಇಲ್ಲ. ಹೊರಡುವಾಗ ಅವರು ನನ್ನನ್ನೂ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಜೊತೆಗೆ ನೀವೂ ಹೋಗ್ತೀರಿ ತಾನೆ? ಒಳ್ಳೆಯದು" ಎಂದರು. ಆ "ಒಳ್ಳೆಯದು" ಯಾರಿಗೆಂಬುದು ಆಮೇಲೆ ತಿಳಿಯಿತು.

ಹಾಸಿಗೆಯೇ ಔಷಧವಾಗಿದ್ದ ಕಾಲ

ನಮ್ಮ ತಾಯಿಯವರನ್ನು ದೂಷಿಸುವಂತಿಲ್ಲ. ಒಂದು ಕಾಲಕ್ಕೆ ವೈದ್ಯಲೋಕವೇ ಅವರ ಪಕ್ಷದಲ್ಲಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತವಾದವರನ್ನು ನಾಲ್ಕರಿಂದ ಆರು ವಾರಗಳ ಕಾಲ ಹಾಸಿಗೆಯಲ್ಲಿ ಅಲುಗದಂತೆ ಮಲಗಿಸುತ್ತಿದ್ದರು. ಗಾಯಗೊಂಡ ಹೃದಯಕ್ಕೆ ವಿಶ್ರಾಂತಿ ಬೇಕು ಎಂಬುದು ಅವರ ತರ್ಕ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಸಿಡಿದು ರೋಗಿ ತೀರಿಕೊಂಡರೆ, ಅದೂ ಹೃದಯದ ಕಾಯಿಲೆಯ ಲೆಕ್ಕಕ್ಕೇ ಸೇರುತ್ತಿತ್ತು. ೧೯೫೨ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರಾದ ಸ್ಯಾಮ್ಯುಯೆಲ್ ಲೆವೀನ್ ಮತ್ತು ಬರ್ನಾರ್ಡ್ ಲೌನ್ ಎಂಬವರು ಇಂಥ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸಬಹುದೆಂದು ಬರೆದರು. ಕುರ್ಚಿ ಅಂದು ಧೈರ್ಯದ ಚಿಕಿತ್ಸೆ! ೧೯೫೫ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಹೃದಯಾಘಾತವಾದಾಗ, ಅವರನ್ನು ನೋಡಿಕೊಂಡ ಪಾಲ್ ಡಡ್ಲಿ ವೈಟ್ ಎಂಬ ತಜ್ಞರು ಕ್ರಮವಾಗಿ ಓಡಾಟಕ್ಕೂ ಕೆಲಸಕ್ಕೂ ಮರಳಬೇಕೆಂದು ಸಲಹೆಯಿತ್ತರು. ಮರುವರ್ಷ ಐಸೆನ್‌ಹೋವರ್ ಚುನಾವಣೆಗೆ ನಿಂತು ಗೆದ್ದರು.

ವಿಶ್ರಾಂತಿ ದೇಹಕ್ಕೆ ಏನು ಮಾಡುತ್ತದೆಂಬುದನ್ನು ಅಳೆದು ತೋರಿಸಿದ ಪ್ರಯೋಗ ನಡೆದದ್ದು ೧೯೬೬ರಲ್ಲಿ, ಅಮೆರಿಕದ ಡಲ್ಲಾಸ್ ನಗರದಲ್ಲಿ. ೨೦ ವರ್ಷದ, ಆರೋಗ್ಯವಂತರಾದ ಐದು ಮಂದಿ ತರುಣರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಎದ್ದಾಗ ಅವರ ದೇಹಕ್ಕೆ ಆಮ್ಲಜನಕವನ್ನು ಬಳಸಿಕೊಂಡು ದುಡಿಯುವ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಗ್ಗಿಹೋಗಿತ್ತು. ೩೦ ವರ್ಷಗಳ ಮೇಲೆ, ೧೯೯೬ರಲ್ಲಿ, ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದರು. ಆಶ್ಚರ್ಯವೆಂದರೆ ಮೂರು ದಶಕಗಳ ಮುಪ್ಪು ಮಾಡಿದ ಹಾನಿಗಿಂತ ಆ ಮೂರು ವಾರಗಳ ಹಾಸಿಗೆ ಮಾಡಿದ ಹಾನಿಯೇ ಹೆಚ್ಚಾಗಿತ್ತು. ಆಗ ಐವತ್ತು ದಾಟಿದ್ದ ಅವರನ್ನು ಆರು ತಿಂಗಳು ಕ್ರಮವಾಗಿ ನಡೆಸಿ, ಓಡಿಸಿ, ಸೈಕಲ್ ತುಳಿಸಿದಾಗ ಕಳೆದುಹೋಗಿದ್ದ ಶಕ್ತಿ ಮರಳಿತು. ಇದನ್ನು ಓದಿದ ರಾತ್ರಿ ನಾನು ಎದ್ದು ಹೋಗಿ ಪಡಸಾಲೆಯ ಬೆತ್ತದ ಕುರ್ಚಿಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದೆ.

ಬೆಟ್ಟದ ಪಾದದಲ್ಲಿ

ಆ ಭಾನುವಾರ ಬೆಳಗಿನ ಆರು ಗಂಟೆಗೆ ನಾವು ಬೆಟ್ಟದ ಪಾದದಲ್ಲಿದ್ದೆವು. ಮಂಜು ಇನ್ನೂ ಹರಿದಿರಲಿಲ್ಲ. ಹೂವು, ಕಾಯಿ, ಕರ್ಪೂರ ಮಾರುವವರು ಚೀಲ ಬಿಚ್ಚುತ್ತಿದ್ದರು. ಮೇಲಕ್ಕೆ ಹೋಗುವ ಜನಕ್ಕೇನೂ ಕೊರತೆಯಿರಲಿಲ್ಲ. ಪರೀಕ್ಷೆಯ ಹರಕೆ ಹೊತ್ತ ವಿದ್ಯಾರ್ಥಿಗಳು, ತಲೆಗೆ ಟೋಪಿ ಹಾಕಿ ಎರಡೆರಡು ಮೆಟ್ಟಿಲು ಹಾರುವ ತರುಣರು, ಬರಿಗಾಲಿನಲ್ಲಿ ಹೊರಟ ಹಿರಿಯರು, ತಟ್ಟೆಯಲ್ಲಿ ಅರಿಶಿನ ಕುಂಕುಮ ಹಿಡಿದು ಒಂದೊಂದು ಮೆಟ್ಟಿಲಿಗೂ ಬಾಗಿ ಹಚ್ಚುತ್ತ ಹತ್ತುವ ಹೆಂಗಸರು. ಒಂದು ಮೆಟ್ಟಿಲಿಗೆ ಒಮ್ಮೆ ಬಗ್ಗಿ ಏಳುವುದೆಂದರೆ ತುದಿ ಮುಟ್ಟುವ ಹೊತ್ತಿಗೆ ಸಾವಿರ ಸಲ. ಯಾವ ವ್ಯಾಯಾಮಶಾಲೆಯ ಗುರುವೂ ಒಂದೇ ದಿನಕ್ಕೆ ಇಷ್ಟನ್ನು ವಿಧಿಸಲಾರ. ಆದರೆ ಹರಕೆ ವಿಧಿಸುತ್ತದೆ, ಮನಸ್ಸು ನಡೆಸುತ್ತದೆ.

ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು ೩,೪೮೯ ಅಡಿ. ಮೈಸೂರೇ ಎತ್ತರದ ನೆಲದಲ್ಲಿರುವುದರಿಂದ ಪಾದದಿಂದ ನಾವು ಹತ್ತಬೇಕಾದದ್ದು ಸುಮಾರು ಎಂಟುನೂರು ಅಡಿ ಮಾತ್ರ. ಮೆಟ್ಟಿಲುಗಳನ್ನು ಕಟ್ಟಿಸಿದವರು ೧೬೫೯ರಿಂದ ೧೬೭೩ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು. ಲೆಕ್ಕ ಸಾವಿರದ ಎಂಟು ಎಂದು ಜನ ಹೇಳುತ್ತಾರೆ. ಎಣಿಸಿದವರಲ್ಲಿ ಇಬ್ಬರ ಲೆಕ್ಕ ಕೂಡಿದ್ದನ್ನು ನಾನು ಕೇಳಿಲ್ಲ. "ಇವತ್ತು ನಾನು ಎಣಿಸ್ತೀನಿ. ಟಿಕೆಟ್ ಲೆಕ್ಕದಲ್ಲಿ ಒಂದು ದಿನವೂ ತಪ್ಪಿದೋನಲ್ಲ ನಾನು" ಎಂದರು ಅಪ್ಪ. ಚಪ್ಪಲಿ ಕಳಚಿ, ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಹಳೆಯ ಅಭ್ಯಾಸದಂತೆ ಗಟ್ಟಿಯಾಗಿ "ರೈಟ್!" ಎಂದರು. ಹಿಂದೆ ಬರುತ್ತಿದ್ದ ಹುಡುಗರು ನಕ್ಕರು. ನನ್ನ ಜೇಬಿನಲ್ಲಿ ಮಾತ್ರೆಯ ಡಬ್ಬಿ ಭಾರವಾಗಿ ಕುಳಿತಿತ್ತು.

ಆರಂಭದ ಮೆಟ್ಟಿಲುಗಳು ಕಡಿದು; ಉಸಿರು ಹಿಡಿತಕ್ಕೆ ಬರುವ ಮೊದಲೇ ಎತ್ತರ ಎದುರಾಗುತ್ತದೆ. ಅಪ್ಪ ಹತ್ತು ಹತ್ತಿ ಒಂದು ಕ್ಷಣ ನಿಲ್ಲುತ್ತಿದ್ದರು; ಮತ್ತೆ ಹತ್ತು. ಬಾಯಲ್ಲಿ ಎಣಿಕೆ, ನಡುನಡುವೆ ಹಳೆಯ ಮಾರ್ಗಗಳ ಕಥೆ. ನೂರೈವತ್ತು ದಾಟುವ ಹೊತ್ತಿಗೆ ನಾನು "ಹೂಂ" ಎಂಬುದಕ್ಕಿಂತ ದೊಡ್ಡ ಉತ್ತರವನ್ನು ಕೊಡಲಾರದವನಾಗಿದ್ದೆ. ಇನ್ನೂರರಲ್ಲಿ ಎದೆ ನಗಾರಿಯಂತೆ ಬಡಿಯುತ್ತಿತ್ತು. ಬಂಡೆಯ ಮೇಲೆ ಕುಳಿತೆ. ಅಪ್ಪ ಎದುರಿಗೆ ನಿಂತು ನನ್ನನ್ನು ನೋಡಿ, "ಯಾಕೋ, ಮಾತ್ರೆ ಬೇಕೇನೋ?" ಎಂದರು.

ವಿದ್ಯೆಯೆಲ್ಲ ಅಲ್ಲಿ ಬೆವರಾಗಿ ಹರಿಯಿತು. ನಾನು ದಿನಕ್ಕೆ ಮೂರು ಗಂಟೆ ಪಾಠ ಹೇಳುವವನು. ಉಳಿದ ಹೊತ್ತೆಲ್ಲ ಮೇಜಿನ ಮುಂದೆ. ಕಾಲೇಜಿಗೆ ಸ್ಕೂಟರು, ಮಹಡಿಗೆ ಲಿಫ್ಟು. ವಿಶ್ರಾಂತಿಯ ಸ್ಥಿತಿಯಲ್ಲಿ ನಮ್ಮ ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರು ರಕ್ತವನ್ನು ದೂಡುತ್ತದೆ. ಏರು ಹತ್ತುವಾಗ ಕಾಲಿನ ಸ್ನಾಯುಗಳು ಅದರ ಮೂರು ನಾಲ್ಕು ಪಟ್ಟು ಕೇಳುತ್ತವೆ. ಪಳಗಿದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡಿ ಬೇಡಿಕೆಯನ್ನು ಪೂರೈಸುತ್ತದೆ. ಪಳಗದ ಹೃದಯ ಬಡಿತಗಳನ್ನು ಹೆಚ್ಚಿಸಿಕೊಂಡು ಪರದಾಡುತ್ತದೆ. ಸ್ನಾಯುವಿನ ಒಳಗೂ ಹಾಗೆಯೇ. ದುಡಿಯುವ ಸ್ನಾಯುವಿನಲ್ಲಿ ಕೂದಲಿಗಿಂತ ಸಣ್ಣದಾದ ಲೋಮನಾಳಗಳು ಹೆಚ್ಚುತ್ತವೆ, ಆಮ್ಲಜನಕವನ್ನು ಶಕ್ತಿಯಾಗಿ ಮಾರ್ಪಡಿಸುವ ಕಣಗಳು ಹೆಚ್ಚುತ್ತವೆ. ಕೂತ ಸ್ನಾಯುವಿನಲ್ಲಿ ಇವೆರಡೂ ಕುಗ್ಗುತ್ತವೆ. ನನ್ನ ಹೃದಯಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಅದು ಕೆಲಸ ಮರೆತಿತ್ತು, ಅಷ್ಟೆ.

ಆದರೆ ಕುರ್ಚಿಯಲ್ಲಿ ವರ್ಷ ಕಳೆದ ಅಪ್ಪನಿಗೆ ಈ ಶಕ್ತಿ ಎಲ್ಲಿಂದ ಬಂತು? ನಾನೂರನೆಯ ಮೆಟ್ಟಿಲ ಹತ್ತಿರ ಅವರೇ ಗುಟ್ಟು ಒಡೆದರು. ಮೂರು ತಿಂಗಳಿಂದ, ಅಮ್ಮ ಬೆಳಿಗ್ಗೆ ದೇವಸ್ಥಾನಕ್ಕೆ ಹೋದ ಹೊತ್ತಿನಲ್ಲಿ, ಅವರು ಹಿಂದಿನ ಬೀದಿಯಲ್ಲಿ ನಡೆಯುತ್ತಿದ್ದರಂತೆ. ಮೊದಲ ವಾರ ಐದು ನಿಮಿಷ, ಮುಂದಿನ ವಾರ ಏಳು, ಹೀಗೆ ಏರಿಸುತ್ತ ಕೊನೆಗೆ ಮುಕ್ಕಾಲು ಗಂಟೆ. ವೈದ್ಯರಿಗೆ ಗೊತ್ತಿತ್ತು, ಎದುರುಮನೆಯವರಿಗೆ ಗೊತ್ತಿತ್ತು, ನಮಗೆ ಮಾತ್ರ ಗೊತ್ತಿರಲಿಲ್ಲ. "ಡಾಕ್ಟರು ಒಂದು ಅಳತೆ ಹೇಳಿಕೊಟ್ಟಿದಾರೆ ಕಣೋ. ನಡೀವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಹಾಡೋಕಾದ್ರೆ ಸೋಮಾರಿತನ, ಮಾತೂ ಆಡೋಕಾಗದಿದ್ರೆ ಅತಿಯಾಯ್ತು. ನಿಮ್ಮಮ್ಮನಿಗೆ ಮಾತ್ರ ಹೇಳಬೇಡ."

ಈ ಅಳತೆ ಕೇಳಿ ನನಗೆ ಹಳೆಯದೊಂದು ನೆನಪಾಯಿತು. ನಮ್ಮ ಆಯುರ್ವೇದದ ಆಚಾರ್ಯರು ವ್ಯಾಯಾಮಕ್ಕೆ ಹಾಕಿದ ಮೇರೆ 'ಅರ್ಧಶಕ್ತಿ' ಎಂಬುದು. ಇರುವ ಬಲದಲ್ಲಿ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕು. ಅದನ್ನು ಗುರುತಿಸುವುದಕ್ಕೆ ಸುಶ್ರುತಸಂಹಿತೆ ಹೇಳುವ ಲಕ್ಷಣವೂ ಉಸಿರಿಗೇ ಸಂಬಂಧಪಟ್ಟದ್ದು: ಉಸಿರು ಬಾಯಿಗೆ ಬರುವ ಹಂತವೇ ಎಲ್ಲೆ. ಮಿತಿ ಮೀರಿದ ವ್ಯಾಯಾಮದಿಂದ ಬಾಯಾರಿಕೆ, ಕೆಮ್ಮು, ಜ್ವರ ಮುಂತಾದವು ಬರುವುವೆಂದು ವಾಗ್ಭಟ ಎಚ್ಚರಿಸುತ್ತಾನೆ. ಇತ್ತ ಪಶ್ಚಿಮದಲ್ಲಿ, ರೋಮನ್ನರ ಕಾಲದ ಗೇಲೆನ್ ಎಂಬ ವೈದ್ಯ ಪರ್ಗಮಮ್ ನಗರದಲ್ಲಿ ಕಾಳಗದ ಮಲ್ಲರಿಗೆ ಚಿಕಿತ್ಸೆ ಮಾಡುತ್ತಲೇ ವ್ಯಾಯಾಮದ ಗುಣದೋಷಗಳನ್ನು ಕಲಿತ. ೧೯೨೮ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮಾರಿಟ್ಸ್‌ನಲ್ಲಿ ಚಳಿಗಾಲದ ಒಲಿಂಪಿಕ್ ಕೂಟಕ್ಕೆ ಸೇರಿದ್ದ ವೈದ್ಯರು ಕ್ರೀಡಾವೈದ್ಯದ ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿದರು. ಮೊದಮೊದಲು ಈ ಶಾಸ್ತ್ರ ಪದಕ ಗೆಲ್ಲುವವರ ಉಳುಕು, ಮುರಿತಗಳಿಗಾಗಿ ಇತ್ತು. ಪದಕಕ್ಕೂ ತಮಗೂ ಸಂಬಂಧವಿಲ್ಲದ ಸಾಮಾನ್ಯ ಜನಕ್ಕೂ ದೇಹಶ್ರಮ ಪ್ರಾಣರಕ್ಷಕವೆಂದು ತೋರಿಸಿಕೊಟ್ಟವರಲ್ಲಿ ಮುಖ್ಯರು, ಕೇಳಿದರೆ ಅಚ್ಚರಿಯಾಗಬಹುದು, ಬಸ್ ಕಂಡಕ್ಟರುಗಳು.

ಲಂಡನ್ನಿನ ಕಂಡಕ್ಟರು, ಮೈಸೂರಿನ ಕಂಡಕ್ಟರು

ಆ ಕಥೆಯನ್ನು ಅಪ್ಪನಿಗೆ ಹೇಳಿದ್ದು ನಂದಿಯ ಮುಂದೆ ಕುಳಿತು. ಏಳುನೂರು ಮೆಟ್ಟಿಲಾದ ಮೇಲೆ ಸಿಗುವ ಈ ನಂದಿ, ಒಂದೇ ಬಂಡೆಯಲ್ಲಿ ಕಡೆದದ್ದು. ಸುಮಾರು ೧೬ ಅಡಿ ಎತ್ತರ, ೨೫ ಅಡಿ ಉದ್ದ. ಕೊರಳಿನ ಗೆಜ್ಜೆ ಗಂಟೆಗಳ ಸರವನ್ನೂ ಶಿಲ್ಪಿ ಕಲ್ಲಿನಲ್ಲೇ ತೊಡಿಸಿದ್ದಾನೆ. ಇದೂ ದೊಡ್ಡ ದೇವರಾಜ ಒಡೆಯರ ಕಾಲದ್ದೇ. ಮಂಜು ಕರಗಿ ಕೆಳಗೆ ಊರು ತೆರೆದುಕೊಂಡಿತ್ತು. ಲಲಿತಮಹಲಿನ ಬಿಳಿಯ ಗುಮ್ಮಟ, ಕುದುರೆ ಪಂದ್ಯದ ಮೈದಾನದ ಹಸಿರು ಉಂಗುರ, ದೂರದಲ್ಲಿ ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರಗಳು. ನಾವಿಬ್ಬರೂ ಮಜ್ಜಿಗೆ ಕುಡಿದೆವು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಹೃದಯಾಘಾತ ಹೆಚ್ಚುತ್ತ ಬಂದಿತ್ತು; ಕಾರಣ ತಿಳಿದಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯರು ಯಾವ ಕಸುಬಿನವರಿಗೆ ಈ ರೋಗ ಹೆಚ್ಚು ಎಂದು ಹುಡುಕಲು ಹೊರಟರು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದುಡಿಯುವವರ ದಾಖಲೆ ಅವರ ಕೈಗೆ ಬಂತು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಮೆ ಒಂದೇ ತರಗತಿಯ ಮನೆಮಂದಿ, ವ್ಯತ್ಯಾಸ ಒಂದೇ. ಡ್ರೈವರು ದಿನದ ಬಹುಪಾಲು ಕುಳಿತಿರುತ್ತಾನೆ. ಕಂಡಕ್ಟರು ಟಿಕೆಟ್ ಕೊಡುತ್ತ ಮೇಲಂತಸ್ತಿಗೂ ಕೆಳಗಂತಸ್ತಿಗೂ ಹತ್ತಿ ಇಳಿಯುತ್ತಾನೆ. ೧೯೫೩ರಲ್ಲಿ ಪ್ರಕಟವಾದ ಲೆಕ್ಕ ಸ್ಪಷ್ಟವಾಗಿತ್ತು: ಡ್ರೈವರುಗಳಿಗಿಂತ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ, ಬಂದರೂ ತಡವಾಗಿ ಬರುತ್ತಿತ್ತು, ಬಂದವರಲ್ಲಿ ಬದುಕುಳಿಯುವವರು ಹೆಚ್ಚು. ಅಂಚೆಯ ಇಲಾಖೆಯಲ್ಲೂ ಹಾಗೆಯೇ, ಮನೆಮನೆಗೆ ನಡೆದು ಕಾಗದ ಹಂಚುವವರು ಕುಳಿತು ದುಡಿಯುವ ಗುಮಾಸ್ತರಿಗಿಂತ ಸುರಕ್ಷಿತರು. ಸ್ಥೂಲಕಾಯದವರೇ ಡ್ರೈವರುಗಳಾಗುತ್ತಾರೋ ಏನೋ ಎಂಬ ಸಂದೇಹವನ್ನು ನೀಗಲು ಮಾರಿಸರು ಬಸ್ ನೌಕರರ ಸಮವಸ್ತ್ರದ ಸೊಂಟದಳತೆಗಳನ್ನೂ ತರಿಸಿ ನೋಡಿದರು. ಡ್ರೈವರುಗಳ ಸೊಂಟ ದೊಡ್ಡದೇ ಆಗಿತ್ತು. ಆದರೆ ಸಣಕಲಿರಲಿ, ದಪ್ಪಗಿರಲಿ, ಕಂಡಕ್ಟರಿಗೆ ಕಂಡಕ್ಟರಿನ ಲಾಭ ಇದ್ದೇ ಇತ್ತು. ಮಾರಿಸರು ೧೯೧೦ರಲ್ಲಿ ಹುಟ್ಟಿ ೨೦೦೯ರವರೆಗೆ ಬದುಕಿದ್ದರು.

"ಆ ಕಂಡಕ್ಟರುಗಳು ದಿನಕ್ಕೆ ಎಷ್ಟು ಮೆಟ್ಟಿಲು ಹತ್ತುತ್ತಿದ್ದರಂತೆ?" ಎಂದು ಕೇಳಿದರು ಅಪ್ಪ, ವೃತ್ತಿಯ ಕುತೂಹಲದಿಂದ.

"ಐದುನೂರರಿಂದ ಏಳುನೂರೈವತ್ತು."

ಅಪ್ಪ ಹಿಂದಿರುಗಿ ತಾವು ಹತ್ತಿಬಂದ ದಾರಿಯನ್ನು ನೋಡಿದರು. ಪಾದದಿಂದ ನಂದಿಯವರೆಗೆ ಏಳುನೂರು. ಲಂಡನ್ನಿನ ಕಂಡಕ್ಟರನ ಒಂದು ದಿನದ ದುಡಿಮೆಯೆಂದರೆ ಸರಿಯಾಗಿ ಇಷ್ಟೇ! ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು: "ಹಾಗಾದ್ರೆ ನನಗ್ಯಾಕೆ ಬಂತು?"

ಸುಲಭವಾದ ಸಮಾಧಾನ ಹೇಳಬಹುದಾಗಿತ್ತು, ಮನಸ್ಸು ಬರಲಿಲ್ಲ. ಕಡಿಮೆ ಎಂದರೆ ಇಲ್ಲವೆಂದಲ್ಲ. ಲಂಡನ್ನಿನ ಕಂಡಕ್ಟರುಗಳಲ್ಲೂ ಕೆಲವರಿಗೆ ಬಂತು. ಜೊತೆಗೆ ಇನ್ನೊಂದು ಸಂಗತಿಯೂ ಇದೆ. ಅಮೆರಿಕದ ರಾಲ್ಫ್ ಪ್ಯಾಫನ್‌ಬಾರ್ಗರ್ ಎಂಬ ವೈದ್ಯರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ ಹೋದವರನ್ನು ವರ್ಷಾನುಗಟ್ಟಲೆ ಗಮನಿಸಿ ೧೯೭೮ರಲ್ಲಿ ಬರೆದ ಪ್ರಬಂಧ ಹೇಳುವುದಿಷ್ಟು: ವಿದ್ಯಾರ್ಥಿದೆಸೆಯಲ್ಲಿ ಹೆಸರಾಂತ ಆಟಗಾರರಾಗಿದ್ದು ಆಮೇಲೆ ಕುಳಿತುಬಿಟ್ಟವರಿಗೆ ಹಳೆಯ ಆಟ ರಕ್ಷಣೆ ಕೊಡಲಿಲ್ಲ. ನಡುವಯಸ್ಸಿನಲ್ಲೂ ದೇಹವನ್ನು ದುಡಿಸುತ್ತಿದ್ದವರಿಗೆ ಮಾತ್ರ ಲಾಭ ಸಿಕ್ಕಿತು, ಮೊದಲು ಅವರು ಆಟಗಾರರಾಗಿರಲಿ ಬಿಡಲಿ. ದೇಹಶ್ರಮದ ಪುಣ್ಯ ಬ್ಯಾಂಕಿನಲ್ಲಿಟ್ಟ ಹಣವಲ್ಲ, ಅಂದಂದಿನ ಕೂಲಿ.

ಅಪ್ಪ ತಲೆಯಾಡಿಸಿದರು. "ರಿಟೈರಾದ ಮೇಲೆ ಏಳು ವರ್ಷ ಟೀವಿ ಮುಂದೆ ಕೂತೆ. ಅದಕ್ಕೆ ಮುಂಚೆ ಡಿಪೋದಲ್ಲಿ ಸೇದಿದ ಸಿಗರೇಟು ಬೇರೆ. ಲೆಕ್ಕ ಸರಿಹೋಯ್ತು ಬಿಡು." ಅವರ ದನಿಯಲ್ಲಿ ದುಃಖವಿರಲಿಲ್ಲ. ದಿನದ ಕೊನೆಯಲ್ಲಿ ಚೀಲದ ಹಣವೂ ಟಿಕೆಟ್ಟೂ ತಾಳೆಯಾದಾಗ ಇರುವ ನೆಮ್ಮದಿ ಇತ್ತು.

ನಾನು ಎದ್ದು ಉಳಿದ ಮುನ್ನೂರು ಮೆಟ್ಟಿಲಿನ ಕಡೆ ತಿರುಗಿದೆ. ಅಪ್ಪ ಕದಲಲಿಲ್ಲ. "ಹೋಲ್ಡಾನ್" ಎಂದರು. "ಇವತ್ತಿಗೆ ಇಲ್ಲಿಗೇ ಸ್ಟಾಪು. ಆಸೆ ಇದೆ ಅಂತ ಹತ್ತಬಾರದು. ತಾಯಿ ಎಲ್ಲಿಗೂ ಹೋಗಲ್ಲ." ನಂದಿಗೆ ಪ್ರದಕ್ಷಿಣೆ ಬಂದು, ತುದಿಯ ಕಡೆ ಮುಖಮಾಡಿ ಕೈ ಮುಗಿದು ಇಳಿಯತೊಡಗಿದರು. ಅರ್ಧಶಕ್ತಿಯ ಅರ್ಥವನ್ನು ನಾನು ಗ್ರಂಥದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಅಂದು.

ಇಳಿಯುವುದರ ಸುಂಕ

ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂದು ನಂಬಿದವನಿಗೆ ಮರುದಿನ ಪಾಠ ಕಾದಿತ್ತು. ಸೋಮವಾರ ಬೆಳಿಗ್ಗೆ ತೊಡೆಗಳೆರಡೂ ಮರಗಟ್ಟಿದ್ದವು. ಮಂಗಳವಾರ ತರಗತಿಯ ವೇದಿಕೆಯ ಒಂದೇ ಒಂದು ಮೆಟ್ಟಿಲನ್ನು ಗೋಡೆ ಹಿಡಿದು ಇಳಿದೆ. ಹಿಂದಿನ ಬೆಂಚಿನವರು ಸಂತೋಷಪಟ್ಟರು. ಇಳಿಯುವಾಗ ತೊಡೆಯ ಸ್ನಾಯು ದೇಹದ ಭಾರವನ್ನು ತಡೆಯುತ್ತಲೇ ಉದ್ದವಾಗಬೇಕಾಗುತ್ತದೆ. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಹರಿತಗಳಾಗುತ್ತವೆ. ನೋವು ಒಂದು ದಿನ ತಡೆದು ಬಂದು, ಎರಡು ಮೂರು ದಿನ ಇದ್ದು ಹೋಗುತ್ತದೆ. ಅದು ರೋಗವಲ್ಲ, ಗುಣವಾಗುವಾಗ ಸ್ನಾಯು ಇನ್ನಷ್ಟು ಗಟ್ಟಿಯಾಗುತ್ತದೆ, ಎರಡನೆಯ ಸಲಕ್ಕೆ ನೋವು ಬಹಳ ಕಡಿಮೆ. ಮೊಣಕಾಲಿನ ಮಾತು ಬೇರೆ. ಮೆಟ್ಟಿಲಿಳಿಯುವಾಗ ಮೊಣಕಾಲಿನ ಕೀಲಿನ ಮೇಲೆ ದೇಹದ ತೂಕದ ಮೂರು ಪಟ್ಟಿಗೂ ಮಿಕ್ಕ ಭಾರ ಬೀಳುತ್ತದೆ. ಆದ್ದರಿಂದ ಮಂಡಿನೋವಿರುವವರು ಹತ್ತಿದರೂ ಬಸ್ಸಿನಲ್ಲಿಳಿಯುವುದು ಜಾಣತನ. ನೋವು ಹೆಚ್ಚಾಗಿದ್ದರೆ ಸಮನೆಲದ ನಡಿಗೆಯೇ ಸಾಕು.

ಬೆಟ್ಟ ಹತ್ತಿ ತೂಕ ಇಳಿಸುತ್ತೇನೆಂಬ ಉತ್ಸಾಹಿಗಳಿಗೂ ಒಂದು ಲೆಕ್ಕ. ೭೦ ಕಿಲೋ ತೂಗುವವನು ಎಂಟುನೂರು ಅಡಿ ಏರುವುದಕ್ಕೆ ವೆಚ್ಚವಾಗುವ ಶಕ್ತಿ ಇನ್ನೂರು ಕ್ಯಾಲೊರಿಯ ಆಸುಪಾಸು. ಇಳಿದು ಬಂದು ಅಗ್ರಹಾರದ ಹೋಟೆಲೊಂದರಲ್ಲಿ ತಿನ್ನುವ ಒಂದು ಮಸಾಲೆ ದೋಸೆ ಅದನ್ನು ಬಡ್ಡಿಸಹಿತ ತುಂಬಿಕೊಡುತ್ತದೆ. ನಿಜವಾದ ಲಾಭ ತಕ್ಕಡಿಯಲ್ಲಿ ಕಾಣುವಂಥದಲ್ಲ. ರಕ್ತದ ಒತ್ತಡ ಇಳಿಯುತ್ತದೆ, ದುಡಿಯುವ ಸ್ನಾಯು ಇನ್ಸುಲಿನ್ನಿನ ದಾರಿ ಕಾಯದೆ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ, ಮೂಳೆ ಗಟ್ಟಿಯಾಗುತ್ತದೆ, ನಿದ್ರೆ ಚೆನ್ನಾಗಿ ಬರುತ್ತದೆ. ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಸಾಧಾರಣ ಶ್ರಮವನ್ನೂ, ಎರಡು ದಿನವಾದರೂ ಸ್ನಾಯುಬಲದ ಅಭ್ಯಾಸವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ನಡೆದರೆ ೧೫೦ ನಿಮಿಷ ಪೂರ್ಣವಾಯಿತು. ಅದಕ್ಕೆ ಬೆಟ್ಟವೇ ಬೇಕೆಂದಿಲ್ಲ.

ಹಾಗೆಂದು ಈ ಲೇಖನ ಓದಿದವರು ನಾಳೆಯೇ ವಯಸ್ಸಾದ ತಂದೆತಾಯಿಗಳನ್ನು ಮೆಟ್ಟಿಲಿನ ಬುಡಕ್ಕೆ ಕರೆದೊಯ್ಯಬಾರದು. ಎಂದೂ ಮೈ ಬಗ್ಗಿಸದವನು ಒಮ್ಮೆಲೇ ಅತಿಯಾಗಿ ಶ್ರಮಪಟ್ಟರೆ ಆ ಹೊತ್ತಿಗೆ ಹೃದಯಾಘಾತದ ಅಪಾಯ ಹೆಚ್ಚುತ್ತದೆ. ದಿನವೂ ಮಿತವಾಗಿ ದುಡಿಯುವವನಿಗೆ ಅದೇ ಅಪಾಯ ಬಹಳ ಕಡಿಮೆ. ಹೃದ್ರೋಗವಿದ್ದವರು ವೈದ್ಯರ ಪರೀಕ್ಷೆ, ವೈದ್ಯರ ಅಳತೆ ಇಲ್ಲದೆ ತೊಡಗತಕ್ಕದ್ದಲ್ಲ. ನ್ಯಾಯವಾಗಿ ನಡೆದ ಅಂಥ ಅಭ್ಯಾಸ ಹೃದ್ರೋಗದಿಂದ ಆಗುವ ಸಾವನ್ನೂ ಮತ್ತೆ ಆಸ್ಪತ್ರೆ ಸೇರುವ ಸಂದರ್ಭವನ್ನೂ ಕಡಿಮೆ ಮಾಡುತ್ತದೆಂಬುದು ಈಗ ಸಿದ್ಧವಾಗಿರುವ ವಿಷಯ.

ಅಮ್ಮನ ಹರಕೆ

ನಾವು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕುಳಿತಿದ್ದರು. ಬೆಳಗಿನಿಂದ ಕಾಫಿ ಕುಡಿದಿರಲಿಲ್ಲ. ಅಪ್ಪ ಗೇಟಿನಿಂದ ಏದುಸಿರಿಲ್ಲದೆ ನಡೆದು ಬಂದದ್ದನ್ನೂ, ಅವರ ಹಿಂದೆ ನಾನು ಕುಂಟುತ್ತ ಬಂದದ್ದನ್ನೂ ನೋಡಿದರು. ಏನೂ ಹೇಳದೆ ಒಳಗೆ ಹೋಗಿ ಮೂರು ಲೋಟ ಕಾಫಿ ತಂದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: ಅಪ್ಪ ಆಸ್ಪತ್ರೆಯಲ್ಲಿದ್ದ ರಾತ್ರಿ, ಇವರನ್ನು ಉಳಿಸಿಕೊಟ್ಟರೆ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತೇನೆಂದು ಅವರು ಹರಸಿಕೊಂಡಿದ್ದರು. ಇವರನ್ನು ಬಿಟ್ಟು ಹೋಗಲು ಭಯ, ಕರೆದುಕೊಂಡು ಹೋಗಲು ಇನ್ನೂ ಭಯ. ಒಂದೂವರೆ ವರ್ಷ ಆ ಭಾರವನ್ನು ಒಬ್ಬರೇ ಹೊತ್ತಿದ್ದರು.

ಅಂದಿನಿಂದ ಹಿಂದಿನ ಬೀದಿಯ ನಡಿಗೆ ಗುಟ್ಟಾಗಿ ಉಳಿಯಲಿಲ್ಲ. ಅಪ್ಪನ ಜೊತೆ ಅಮ್ಮ, ಅವರ ಹಿಂದೆ ನಾನು. ನಾಲ್ಕನೆಯ ತಿಂಗಳಲ್ಲಿ ಅಪ್ಪ ನಂದಿಯನ್ನು ದಾಟಿ ತುದಿ ಮುಟ್ಟಿದರು. ಬಂದ ಆಷಾಢದ ಒಂದು ಶುಕ್ರವಾರ, ಇನ್ನೂ ಕತ್ತಲಿರುವಾಗಲೇ, ನಾವು ಮತ್ತೆ ಪಾದದಲ್ಲಿ ನಿಂತಿದ್ದೆವು. ಅರಿಶಿನ ಕುಂಕುಮದ ತಟ್ಟೆ ಅಪ್ಪನ ಕೈಯಲ್ಲಿ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲ ಮೆಟ್ಟಿಲಿಗೆ ಬಾಗಿ ಕುಂಕುಮವಿಟ್ಟು ಎದ್ದು, ಒಂದು ಕ್ಷಣ ಮೇಲೆ ನೋಡಿದರು. ದಾರಿ ಕತ್ತಲಲ್ಲಿ ಕರಗಿಹೋಗಿತ್ತು. ಆಮೇಲೆ ಹಿಂದಿರುಗಿ ಅಪ್ಪನನ್ನು ನೋಡಿ ಕೇಳಿದರು:

"ಏನೂಂದ್ರೆ, ಹೊರಡೋಣವೇ?"

"ರೈಟ್" ಎಂದರು ಅಪ್ಪ.